ಕಸದ ದೊರೆಯ ಎರಡು ಚಳಿಗಾಲ

ಆಟಗಾರರಿಗೆ ನಿಯಮ ಮೀರಿ ಸಂಬಳ ಕೊಟ್ಟ ತಂಡಕ್ಕೆ ಏನು ಶಿಕ್ಷೆ? ಲೀಗಿನವರು ದಂಡ ಹಾಕಬಹುದು, ಅಂಕ ಕಡಿಯಬಹುದು, ತೀರಾ ಅತಿಯಾದರೆ ತಂಡವನ್ನೇ ಹೊರಗಟ್ಟಬಹುದು. ಅದು ಲೀಗಿನ ಮನೆಯೊಳಗಿನ ಜಗಳ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2006ರ ಜೂನ್ ತಿಂಗಳಲ್ಲಿ ನಡೆದದ್ದು ಬೇರೆ. ಅಲ್ಲಿನ ಕೇಂದ್ರ ಸರ್ಕಾರದ ವಕೀಲರು 29 ಜನರ ಮೇಲೆ, 10 ಕಂಪನಿಗಳ ಮೇಲೆ ದೊಡ್ಡದೊಂದು ಆರೋಪಪಟ್ಟಿ ಹೊರಿಸಿದರು. ಅದರಲ್ಲಿ ಕಸ ಸಾಗಾಟದ ಕೂಟವಿತ್ತು, ನ್ಯೂಯಾರ್ಕಿನ ಮಾಫಿಯಾಗೆ ಕೊಟ್ಟ ಹಫ್ತಾ ಇತ್ತು, ತೆರಿಗೆ ವಂಚನೆ ಇತ್ತು. ಇವುಗಳ ನಡುವೆ, ಹುಡುಗಾಟದ ಹಾಗೆ ಕಾಣುವ ಇನ್ನೊಂದು ಆರೋಪವೂ ಇತ್ತು: ಡ್ಯಾನ್‌ಬರಿ ಟ್ರ್ಯಾಷರ್ಸ್ ಎಂಬ ಐಸ್ ಹಾಕಿ ತಂಡದ ಸಂಬಳದ ಲೆಕ್ಕವನ್ನು ಮುಚ್ಚಿಟ್ಟು ಲೀಗಿಗೆ ಮೋಸ ಮಾಡಿದ್ದು.

ಆ ತಂಡ ಆಡಿದ್ದು ಎರಡೇ ಋತು. 2004ರ ಅಕ್ಟೋಬರಿನಲ್ಲಿ ಕಣ್ಣು ಬಿಟ್ಟು 2006ರ ಬೇಸಿಗೆಯಲ್ಲಿ ಮುಚ್ಚಿತು. ಎಷ್ಟೋ ವರ್ಷ ಬಾಳಿದ ತಂಡಗಳನ್ನು ಜನ ಮರೆತಿದ್ದಾರೆ, ಇದನ್ನು ಮಾತ್ರ ಮರೆತಿಲ್ಲ.

ಡ್ಯಾನ್‌ಬರಿ ನ್ಯೂಯಾರ್ಕಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ, ಆಗ ಮುಕ್ಕಾಲು ಲಕ್ಷದಷ್ಟು ಜನವಿದ್ದ ಊರು. ಒಂದು ಕಾಲಕ್ಕೆ ಅಮೆರಿಕದ ತಲೆಗೆಲ್ಲ ಟೋಪಿ ಹಾಕಿದ್ದು ಇದೇ ಊರು, ನಮ್ಮಲ್ಲಿ ಹೇಳುವ ಕೆಟ್ಟ ಅರ್ಥದಲ್ಲಲ್ಲ. 1780ರಲ್ಲಿ ಜಾಡಾಕ್ ಬೆನೆಡಿಕ್ಟ್ ಎಂಬಾತ ಇಲ್ಲಿ ಟೋಪಿ ಕಾರ್ಖಾನೆ ಶುರುಮಾಡಿದ ಮೇಲೆ ಊರಿಗೆ ಊರೇ ಟೋಪಿ ಕಟ್ಟಿ ಬದುಕಿತು. ಮೊಲದ ತುಪ್ಪಳವನ್ನು ಹದ ಮಾಡಲು ಪಾದರಸದ ದ್ರಾವಣ ಬಳಸುತ್ತಿದ್ದರು. ಅದರ ಹಬೆ ಕುಡಿದ ಕಾರ್ಮಿಕರ ಕೈಕಾಲು ಅದುರುತ್ತಿತ್ತು. ವೈದ್ಯರೂ ಜನರೂ ಅದನ್ನು ಕರೆದದ್ದು 'ಡ್ಯಾನ್‌ಬರಿ ನಡುಕ' ಎಂದೇ. ಕನೆಕ್ಟಿಕಟ್ ರಾಜ್ಯ ಆ ಪಾದರಸವನ್ನು ನಿಷೇಧಿಸಿದ್ದು 1941ರಲ್ಲಿ. ಆಮೇಲೆ ಜನ ಟೋಪಿ ಹಾಕುವುದನ್ನೇ ಬಿಟ್ಟರು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರಿನ ಹಳೆಯ ದೊಡ್ಡ ಜಾತ್ರೆ 1981ರಲ್ಲಿ ಕೊನೆಗೊಂಡು, ಅದೇ ಬಯಲಿನ ಮೇಲೆ ಐದು ವರ್ಷದಲ್ಲಿ ಶಾಪಿಂಗ್ ಮಾಲ್ ಎದ್ದಿತು. ಹೊರಗಿನವರಿಗೆ ಡ್ಯಾನ್‌ಬರಿ ಎಂದೊಡನೆ ನೆನಪಾಗುತ್ತಿದ್ದುದು ಅಲ್ಲಿನ ಕೇಂದ್ರ ಕಾರಾಗೃಹ. ಮುಂದೆ 'ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್' ಬರೆದ ಪೈಪರ್ ಕರ್ಮನ್ ಆ ಜೈಲಿನಲ್ಲಿ ದಿನ ಎಣಿಸುತ್ತಿದ್ದದ್ದು 2004ರಲ್ಲೇ. ಅದೇ ವರ್ಷ ಊರಿನೊಳಗಿನ ಹಾಕಿ ಅಂಗಳದಲ್ಲಿ ಟ್ರ್ಯಾಷರ್ಸ್‌ನ ಮೊದಲ ಪಂದ್ಯಗಳು ನಡೆದವು.

ತಂಡ ಕೊಂಡವನು ಜೇಮ್ಸ್ ಗಲಾಂಟೆ. ಐವತ್ತು ದಾಟಿದ್ದ ಈತ ಕೈಯಿಂದ ದುಡಿದು ಮೇಲೆ ಬಂದವನು. ಆಟೊಮೇಟೆಡ್ ವೇಸ್ಟ್ ಡಿಸ್ಪೋಸಲ್ ಎಂಬ ಕಸ ಸಾಗಾಟದ ಕಂಪನಿ, ಅದರ ಸುತ್ತ ಹಬ್ಬಿದ ಇನ್ನಷ್ಟು ಕಂಪನಿಗಳು ಇವನವು. ಕನೆಕ್ಟಿಕಟ್‌ನ ನೈರುತ್ಯ ಭಾಗದ ಕಸದಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಇವನ ಹಿಡಿತದಲ್ಲಿತ್ತು ಎಂದು ಸರ್ಕಾರ ಹೇಳಿತು. ದಾನಕ್ಕೆ ಕೈ ಬಿಗಿ ಹಿಡಿದವನಲ್ಲ. ಊರಿನಲ್ಲಿ ಅವನಿಂದ ಉಪಕಾರ ಪಡೆದವರು ಬಹಳ. ತೆರಿಗೆ ಪ್ರಕರಣವೊಂದರಲ್ಲಿ ಅದಾಗಲೇ ಒಮ್ಮೆ ಜೈಲು ಕಂಡು ಬಂದಿದ್ದ ಎನ್ನುವುದೂ ಊರಿಗೆ ಗೊತ್ತಿದ್ದ ಸಂಗತಿ.

ಕಸಕ್ಕೂ ಮಾಫಿಯಾಗೂ ಏನು ನಂಟು ಎಂದು ಕೇಳುವವರು ನ್ಯೂಯಾರ್ಕಿನ ಕಥೆ ಸ್ವಲ್ಪ ತಿಳಿಯಬೇಕು. 1950ರ ದಶಕದಲ್ಲಿ ಆ ನಗರದ ಆಡಳಿತ ಅಂಗಡಿ, ಹೋಟೆಲ್, ಕಚೇರಿಗಳ ಕಸ ಎತ್ತುವುದನ್ನು ಬಿಟ್ಟು ಖಾಸಗಿಯವರಿಗೆ ಒಪ್ಪಿಸಿತು. ಲಾರಿ ಇದ್ದವರೆಲ್ಲ ಈ ದಂಧೆಗೆ ಇಳಿದರು. ಸ್ಪರ್ಧೆ ಬಿದ್ದರೆ ದರ ಇಳಿಯುತ್ತದೆ. ದರ ಇಳಿಯದಂತೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಒಂದು ಅಂಗಡಿಯ ಕಸವನ್ನು ಒಮ್ಮೆ ಎತ್ತಿದವನಿಗೆ ಆ ಅಂಗಡಿ ಆಸ್ತಿ ಇದ್ದ ಹಾಗೆ. ಮಾಲೀಕ ಬದಲಾದರೂ, ಹೋಟೆಲ್ ಹೋಗಿ ಬಟ್ಟೆಯಂಗಡಿ ಬಂದರೂ ಆ ಬಾಗಿಲು ಅವನದೇ. ಬೇರೆ ಯಾರೂ ಅಲ್ಲಿಗೆ ಕಡಿಮೆ ದರ ಹೇಳಕೂಡದು. ಅಂಗಡಿಯವನು ಬೇರೆಯವರನ್ನು ಕೇಳಿದರೆ ಬೇಕೆಂದೇ ಹೆಚ್ಚಿನ ದರ ಹೇಳಿ ಕಳಿಸಬೇಕು. ಯಾರಾದರೂ ಕಟ್ಟು ಮೀರಿದರೆ ಪಂಚಾಯಿತಿ ಮಾಡಲು, ಬೆದರಿಸಲು ಒಬ್ಬ ಯಜಮಾನ ಬೇಕಲ್ಲ. ಮಾಫಿಯಾ ಬಂದದ್ದು ಆ ಜಾಗಕ್ಕೆ. 1993ರಲ್ಲಿ ಹೊರಗಿನ ದೊಡ್ಡ ಕಸದ ಕಂಪನಿಯೊಂದು ನ್ಯೂಯಾರ್ಕಿಗೆ ಕಾಲಿಟ್ಟಾಗ, ಅದರ ಅಧಿಕಾರಿಯೊಬ್ಬರ ಮನೆ ಅಂಗಳದಲ್ಲಿ ಕಡಿದ ನಾಯಿತಲೆ ಬಿದ್ದಿತ್ತು. ನ್ಯೂಯಾರ್ಕಿಗೆ ಸ್ವಾಗತ ಎಂಬ ಚೀಟಿ ಅದರ ಬಾಯಲ್ಲಿತ್ತು. ಆಮೇಲೆ ಎರಡು ಮೂರು ವರ್ಷದಲ್ಲಿ ಮ್ಯಾನ್‌ಹಟನ್ನಿನ ಜಿಲ್ಲಾ ಅಟಾರ್ನಿ ರಾಬರ್ಟ್ ಮಾರ್ಗೆಂಥಾ ನಗರದೊಳಗಿನ ಕೂಟವನ್ನು ಮುರಿದರು.

ನಗರದ ಹೊರಗೆ ಅದೇ ಪದ್ಧತಿ ಉಳಿದಿತ್ತು. ಡ್ಯಾನ್‌ಬರಿಯಿಂದ ನ್ಯೂಯಾರ್ಕ್ ರಾಜ್ಯದ ಗಡಿಯಾಚೆಯ ವೆಸ್ಟ್‌ಚೆಸ್ಟರ್, ಪಟ್ನಮ್ ಕೌಂಟಿಗಳವರೆಗೆ ಗಿರಾಕಿಗಳನ್ನು ಹಂಚಿಕೊಂಡು, ಟೆಂಡರುಗಳನ್ನು ಮೊದಲೇ ಹೊಂದಿಸಿಕೊಂಡು ದಂಧೆ ನಡೆಯುತ್ತಿತ್ತು. ಅದರ ರಕ್ಷಣೆಗೆ ಗಲಾಂಟೆ ಮೂರು ತಿಂಗಳಿಗೊಮ್ಮೆ 30,000 ಡಾಲರ್ ಮುಟ್ಟಿಸುತ್ತಿದ್ದ ಎಂದು ಆರೋಪಪಟ್ಟಿ ಹೇಳಿತು. ಹಣ ತಲುಪುತ್ತಿದ್ದುದು ಜೆನೊವೀಸ್ ಮಾಫಿಯಾ ಕುಟುಂಬದ ಮ್ಯಾಥ್ಯೂ ಇಯಾನಿಯೆಲ್ಲೊಗೆ. 'ಕುದುರೆ ಮ್ಯಾಟಿ' ಎಂಬ ಅಡ್ಡಹೆಸರಿನ ಈ ಮುದುಕನಿಗೆ ಆಗ ಎಂಬತ್ತೈದರ ಪ್ರಾಯ. 1972ರಲ್ಲಿ ಜೋ ಗ್ಯಾಲೊ ಎಂಬ ಕುಖ್ಯಾತ ಗ್ಯಾಂಗ್‌ಸ್ಟರ್ ಊಟಕ್ಕೆ ಕೂತಲ್ಲೇ ಗುಂಡಿಗೆ ಬಲಿಯಾದ ಉಂಬರ್ಟೊಸ್ ಹೋಟೆಲ್ ಇವನದೇ. ಇಷ್ಟು ಹಳೆಯ ಹುಲಿಯ ಹೆಸರು ಒಂದು ಸಣ್ಣ ಊರಿನ ಹಾಕಿ ತಂಡದ ಕಥೆಯಲ್ಲಿ ಬರುವುದೇ ವಿಚಿತ್ರ.

ತಂಡಕ್ಕೆ ಬರೋಣ. ಗಲಾಂಟೆಗೆ ಎ.ಜೆ. ಎಂಬ ಮಗನಿದ್ದ, ವಯಸ್ಸು 17, ಹೈಸ್ಕೂಲು ಮುಗಿಸುತ್ತಿದ್ದ. ಯುನೈಟೆಡ್ ಹಾಕಿ ಲೀಗಿನ (ಯುಎಚ್‌ಎಲ್) ತಂಡದ ಹಕ್ಕನ್ನು ಸುಮಾರು ಐದು ಲಕ್ಷ ಡಾಲರಿಗೆ ಕೊಂಡ ಅಪ್ಪ ಅದನ್ನು ಮಗನ ಕೈಗಿಟ್ಟ. ಅಧ್ಯಕ್ಷನೂ ಅವನೇ, ಜನರಲ್ ಮ್ಯಾನೇಜರೂ ಅವನೇ. ಆಟಗಾರರನ್ನು ಆರಿಸುವುದು, ಒಪ್ಪಂದ ಕುದುರಿಸುವುದು, ಹೆಸರಿಡುವುದು ಎಲ್ಲ ಹುಡುಗನ ಕೆಲಸ. ಟ್ರ್ಯಾಷರ್ಸ್ ಎಂಬ ಹೆಸರಿನಲ್ಲಿ ಮನೆತನದ ಕಸುಬೂ ಇತ್ತು, ಎದುರಾಳಿಯನ್ನು ಬಡಿದು ಹಾಕುವ ಸುಳಿವೂ ಇತ್ತು. ಲಾಂಛನದಲ್ಲಿ ಹಾಕಿ ಸ್ಟಿಕ್ ಹಿಡಿದ ಕಸದ ಡಬ್ಬಿ. ಪಂದ್ಯದ ನಡುವೆ ಮಕ್ಕಳನ್ನು ನಗಿಸಲು ಸ್ಕ್ರ್ಯಾಪಿ ಎಂಬ ವೇಷಧಾರಿ, ಅದೂ ಒಂದು ಕಸದ ಡಬ್ಬಿಯೇ. ಆ ವರ್ಷಗಳಲ್ಲಿ ಟಿವಿಯಲ್ಲಿ 'ದ ಸೊಪ್ರಾನೋಸ್' ಓಡುತ್ತಿತ್ತು. ಅದರ ನಾಯಕ ಟೋನಿ ಹೊರಗೆ ಹೇಳಿಕೊಳ್ಳುವ ಕಸುಬು ಕಸದ ವಿಲೇವಾರಿ. ಅವನ ಮಗನ ಹೆಸರೂ ಎ.ಜೆ. ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ಹೆಸರು ಬದಲಾಯಿಸಿ ಎಂದು ವಾಪಸು ಕಳಿಸುತ್ತಿದ್ದರು.

ಹುಡುಗನ ತಲೆಯಲ್ಲಿದ್ದ ಮಾದರಿಗಳು ಎರಡು. ಒಂದು, ಟಿವಿಯ ಡಬ್ಲ್ಯೂಡಬ್ಲ್ಯೂಇ ಕುಸ್ತಿ. ಇನ್ನೊಂದು 1992ರ ಡಿಸ್ನಿ ಸಿನಿಮಾ 'ದ ಮೈಟಿ ಡಕ್ಸ್', ಕೆಲಸಕ್ಕೆ ಬಾರದವರೆಂದು ಎಲ್ಲರೂ ನಕ್ಕ ಹುಡುಗರ ತಂಡ ಗೆಲ್ಲುವ ಕಥೆ. ಎರಡನ್ನೂ ಕಲಸಿ ಒಂದು ತಂಡ ಕಟ್ಟಬೇಕು ಎಂದುಕೊಂಡ. ಹದಿನೇಳರ ಹುಡುಗನ ಕೈಗೆ ತಂಡ ಕೊಟ್ಟರೆ ಇನ್ನೇನಾಗುತ್ತದೆ?

ಹಾಕಿ ಎಂದರೆ ಹುಲ್ಲಂಗಳದ ಆಟವನ್ನೇ ನೆನೆಯುವ ನಮಗೆ ಐಸ್ ಹಾಕಿಯ ಒಂದು ಪದ್ಧತಿ ಅರಗುವುದು ಕಷ್ಟ. ಇನ್ನೂರು ಅಡಿ ಉದ್ದದ, ಸುತ್ತ ಮರದ ಗೋಡೆ ಕಟ್ಟಿದ ಹಿಮದ ಅಂಗಳ. ಪ್ರತಿ ಕಡೆ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಪಕ್. ಇಪ್ಪತ್ತು ನಿಮಿಷದ ಮೂರು ಸರದಿ. ಇಷ್ಟು ಸರಿ. ಆದರೆ ಇಬ್ಬರು ಆಟಗಾರರು ಕೈಗವಸು ಕಿತ್ತೆಸೆದು ಮುಷ್ಟಿಯುದ್ಧಕ್ಕೆ ನಿಂತರೆ ಅಂಪೈರುಗಳು ಓಡಿ ಬಂದು ಬಿಡಿಸುವುದಿಲ್ಲ. ಪಕ್ಕದಲ್ಲಿ ಕಾದು ನಿಲ್ಲುತ್ತಾರೆ. ಒಬ್ಬ ಕೆಳಗೆ ಬಿದ್ದ ಮೇಲೆ, ಇಲ್ಲವೇ ಇಬ್ಬರಿಗೂ ಕೈ ಸೋತ ಮೇಲೆ ನಡುವೆ ಬರುತ್ತಾರೆ. ಇಬ್ಬರಿಗೂ ತಲಾ ಐದು ನಿಮಿಷದ ಶಿಕ್ಷೆ, ಅಂಗಳದ ಬದಿಯ ಗಾಜಿನ ಗೂಡಿನಲ್ಲಿ ಕೂರಬೇಕು. ಅವಧಿ ಮುಗಿದರೆ ಮತ್ತೆ ಆಟಕ್ಕೆ ಇಳಿಯಬಹುದು. ಈ ಕೆಲಸಕ್ಕೆಂದೇ ಆಗ ತಂಡದಲ್ಲಿ ಒಬ್ಬಿಬ್ಬರು ಇರುತ್ತಿದ್ದರು. ಎನ್‌ಫೋರ್ಸರ್ ಎಂದು ಹೆಸರು. ಗೋಲು ಹೊಡೆಯುವುದು ಅವರ ಹೊಣೆಯಲ್ಲ. ತಮ್ಮ ಕಡೆಯ ಚುರುಕು ಆಟಗಾರನನ್ನು ಎದುರಾಳಿ ಮುಟ್ಟಿದರೆ ಲೆಕ್ಕ ಚುಕ್ತಾ ಮಾಡುವುದು ಅವರ ಹೊಣೆ.

ಬೇರೆ ತಂಡದವರು ಒಬ್ಬಿಬ್ಬರನ್ನು ಇಟ್ಟುಕೊಂಡರೆ ಎ.ಜೆ. ಸಾಲಾಗಿ ತಂದ. ಯುಎಚ್‌ಎಲ್‌ನಲ್ಲಿ ಹೊಡೆದಾಟಕ್ಕೆ ಹೆಸರಾಗಿದ್ದ ಬ್ರಾಡ್ ವಿಂಗ್‌ಫೀಲ್ಡ್ ಬಂದ. ನೈಜೀರಿಯದ ಜಾರಿಯಾದಲ್ಲಿ ಹುಟ್ಟಿ, ಎನ್‌ಎಚ್‌ಎಲ್ ಎಂಬ ಅತಿ ದೊಡ್ಡ ಲೀಗಿನಲ್ಲಿ ಬಫಲೋ, ನ್ಯೂಯಾರ್ಕ್, ಅಟ್ಲಾಂಟ ತಂಡಗಳಿಗೆ ಆಡಿದ್ದ ರುಮುನ್ ಎಂಡೂರ್ ಬಂದ. ಮೊದಲ ಋತುವಿನಲ್ಲಿ ತಂಡ ಗಳಿಸಿದ ಶಿಕ್ಷೆಯ ನಿಮಿಷಗಳು 2,776. ಪಂದ್ಯ ಇರುವುದೇ ಅರವತ್ತು ನಿಮಿಷ; ಪ್ರತಿ ಪಂದ್ಯಕ್ಕೂ ಸರಾಸರಿ ಅರ್ಧ ಗಂಟೆಗಿಂತ ಹೆಚ್ಚು ಶಿಕ್ಷೆ ಬಿದ್ದ ಲೆಕ್ಕ ಇದು.

ಡ್ಯಾನ್‌ಬರಿ ಐಸ್ ಅರೀನಾ ದೊಡ್ಡದೇನಲ್ಲ, ಮೂರು ಸಾವಿರದಷ್ಟು ಜನ ಹಿಡಿಸುವ ಅಂಗಳ. ಅದು ತುಂಬತೊಡಗಿತು. 102ನೇ ವಿಭಾಗ ಎಂಬ ಮೂಲೆಯಲ್ಲಿ ಕೂರುವವರ ಕೂಗು, ಬೈಗುಳ ಎದುರಾಳಿಗಳಿಗೆಲ್ಲ ಕುಖ್ಯಾತವಾಯಿತು. ನ್ಯೂಯಾರ್ಕಿಗೆ ಇಷ್ಟು ಹತ್ತಿರ ಇರುವ ಊರಿನವರು ಸಾಮಾನ್ಯವಾಗಿ ನಗರದ ತಂಡಗಳಿಗೇ ಜೈ ಎನ್ನುತ್ತಾರೆ. ಇಲ್ಲಿ ಅವರಿಗೆ ತಮ್ಮದೇ ಊರಿನ ಹೆಸರು ಎದೆಯ ಮೇಲೆ ಹೊತ್ತ ತಂಡ ಸಿಕ್ಕಿತ್ತು. ಅದು ಕೆಟ್ಟ ಹುಡುಗರ ತಂಡ ಎಂದು ಲೀಗಿಗೆ ಲೀಗೇ ಮೂಗು ಮುರಿದಷ್ಟೂ ಇವರಿಗೆ ಹುರುಪು. ಹೊಡೆದಾಟದ ಬೆಲೆ ತೆತ್ತವರೂ ಉಂಟು. ಅಂತಹದೇ ಒಂದು ಹೊಡೆದಾಟದಲ್ಲಿ ವಿಂಗ್‌ಫೀಲ್ಡನ ಕಾಲು ಮುರಿಯಿತು.

ಆ ಚಳಿಗಾಲದಲ್ಲಿ ಟ್ರ್ಯಾಷರ್ಸ್‌ಗೆ ಇನ್ನೊಂದು ಅದೃಷ್ಟ ಒಲಿಯಿತು. 2004ರ ಸೆಪ್ಟೆಂಬರ್ 16ರಂದು ಎನ್‌ಎಚ್‌ಎಲ್ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು. ಜಗಳದ ಮೂಲ ಒಂದೇ ವಿಷಯ: ತಂಡವೊಂದು ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ. ಮಾಲೀಕರಿಗೆ ಬೇಕು, ಆಟಗಾರರಿಗೆ ಬೇಡ. ಐದು ತಿಂಗಳು ಎಳೆದಾಡಿ, 2005ರ ಫೆಬ್ರವರಿ 16ರಂದು ಇಡೀ ಋತುವನ್ನೇ ರದ್ದು ಮಾಡಿದರು. ಕಾರ್ಮಿಕ ವಿವಾದಕ್ಕೆ ಇಡೀ ಒಂದು ಋತುವನ್ನು ಬಲಿ ಕೊಟ್ಟ ಮೊದಲ ದೊಡ್ಡ ಲೀಗ್ ಉತ್ತರ ಅಮೆರಿಕದಲ್ಲಿ ಅದೇ. ಕೊನೆಗೆ ಮಾಲೀಕರೇ ಗೆದ್ದರು, 3.9 ಕೋಟಿ ಡಾಲರಿನ ಮಿತಿ ಬಂತು. ಅಷ್ಟರವರೆಗೆ ಕೆಲಸವಿಲ್ಲದ ಆಟಗಾರರು ಯುರೋಪಿಗೆ ಹೋದರು, ಕೆಲವರು ಸಣ್ಣ ಲೀಗುಗಳಿಗೆ ಬಂದರು. ಹಾಗೆ ಡ್ಯಾನ್‌ಬರಿಗೆ ಬಂದವನು ಮೈಕ್ ರಪ್. ಒಂದೂವರೆ ವರ್ಷದ ಹಿಂದೆ, 2003ರಲ್ಲಿ ಎನ್‌ಎಚ್‌ಎಲ್‌ನ ಕಿರೀಟವಾದ ಸ್ಟಾನ್ಲಿ ಕಪ್ ಫೈನಲಿನ ಏಳನೆಯ ಪಂದ್ಯದಲ್ಲಿ ನ್ಯೂಜೆರ್ಸಿ ಡೆವಿಲ್ಸ್‌ಗೆ ಗೆಲುವಿನ ಗೋಲು ಹೊಡೆದವನು ಈತ. ಆ ದಿನ ಸೋತ ತಂಡ ಅನಾಹೈಮ್‌ನ ಮೈಟಿ ಡಕ್ಸ್, ಎ.ಜೆ. ಮೆಚ್ಚಿದ ಸಿನಿಮಾದ ಹೆಸರನ್ನೇ ಡಿಸ್ನಿ ಇಟ್ಟಿದ್ದ ತಂಡ.

ಸ್ಟಾನ್ಲಿ ಕಪ್ ಗೆದ್ದವನು ಇಂತಹ ಕಿರಿಯ ಲೀಗಿಗೆ ಬರುವುದು ಹೇಗೆ? ಯುಎಚ್‌ಎಲ್‌ನಲ್ಲೂ ಸಂಬಳದ ಮಿತಿ ಇತ್ತು, ಇಡೀ ತಂಡಕ್ಕೆ ಋತುವಿಗೆ 2,75,000 ಡಾಲರ್. ಇಪ್ಪತ್ತು ಆಟಗಾರರಿಗೆ ಹಂಚಿದರೆ ತಲೆಗೆ ಹದಿನಾಲ್ಕು ಸಾವಿರವೂ ಆಗದು. ಅಮೆರಿಕದಲ್ಲಿ ಬಾಡಿಗೆ ಕಟ್ಟಿ ಸಂಸಾರ ನಡೆಸಲು ಅದು ಎಲ್ಲಿ ಸಾಲುತ್ತದೆ? ಬೇಸಿಗೆಯಲ್ಲಿ ಬೇರೆ ಕೂಲಿ ಹುಡುಕಿಕೊಳ್ಳುವವರೇ ಈ ಲೀಗುಗಳಲ್ಲಿ ಹೆಚ್ಚು. ಗಲಾಂಟೆ ದಾರಿ ಹುಡುಕಿದ. ಆಟಗಾರರ ಹೆಸರನ್ನೂ, ಕೆಲವು ಕಡೆ ಅವರ ಹೆಂಡಂದಿರ ಹೆಸರನ್ನೂ ತನ್ನ ಕಸದ ಕಂಪನಿಗಳ ಹಾಜರಿಗೆ ಸೇರಿಸಿದ. ಅವರು ಕೆಲಸಕ್ಕೆ ಬರಬೇಕಿರಲಿಲ್ಲ, ಸಂಬಳ ಮಾತ್ರ ತಪ್ಪದೆ ಬರುತ್ತಿತ್ತು. ಲೀಗಿನ ಕಚೇರಿಗೆ ಕಳಿಸುವ ಲೆಕ್ಕದಲ್ಲಿ ಎಲ್ಲ ಮಿತಿಯೊಳಗೆ ಚೊಕ್ಕಟ. ನಿಜವಾದ ಖರ್ಚು ಏಳೂವರೆ ಲಕ್ಷ ಡಾಲರಿನವರೆಗೆ ಏರಿತ್ತು ಎಂದು ಮುಂದೆ ಬಯಲಾಯಿತು. ಒಂದು ಸಾಲಿನಲ್ಲಿ ಹೇಳುವುದಾದರೆ, ಸಂಬಳದ ಮಿತಿಗಾಗಿ ಎನ್‌ಎಚ್‌ಎಲ್ ತನ್ನ ಅಂಗಡಿಯನ್ನೇ ಮುಚ್ಚಿ ಕೂತಿದ್ದ ವರ್ಷ, ಕೆಳಗಿನ ಮೆಟ್ಟಿಲಿನ ಈ ಊರಿನಲ್ಲಿ ಅದೇ ಮಿತಿಗೆ ಕಸದ ಲಾರಿ ಅಡ್ಡ ನಿಲ್ಲಿಸಿ ಆಟ ಸಾಗಿತ್ತು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದು. ಕಸದ ದಂಧೆಯಲ್ಲಿ ಗಲಾಂಟೆಯ ಗೆಲುವೆಲ್ಲ ನಿಂತಿದ್ದುದು ಸ್ಪರ್ಧೆಯೇ ಇಲ್ಲದಂತೆ ನೋಡಿಕೊಳ್ಳುವುದರ ಮೇಲೆ. ಅಲ್ಲಿ ಎದುರಾಳಿಯೂ ಕೂಟದ ನೆಂಟ. ಕೊಂಡದ್ದು ಮಾತ್ರ ಸ್ಪರ್ಧೆಯನ್ನೇ ಟಿಕೆಟ್ ಹಚ್ಚಿ ಮಾರುವ ವ್ಯಾಪಾರವನ್ನು. ಇಲ್ಲೂ ಹಳೆಯ ಕೈಚಳಕವೇ ನಡೆಯಿತು: ಹೊರಗೊಂದು ಲೆಕ್ಕ, ಒಳಗೊಂದು ಲೆಕ್ಕ. ಆದರೂ ಪಕ್ ಹೋಗಿ ಬಲೆಗೆ ಬೀಳುತ್ತದೆಂಬ ಖಾತರಿಯನ್ನು ಯಾವ ಹಫ್ತಾವೂ ಕೊಡಲಿಲ್ಲ. ಲೀಗಿನಲ್ಲಿ ಫ್ಲಿಂಟ್, ಮಸ್ಕೀಗನ್, ಫೋರ್ಟ್ ವೇಯ್ನ್, ಕಲಮಜೂ ಮುಂತಾದ ಹಳೆಯ ಕೈಗಾರಿಕಾ ಊರುಗಳ ಗಟ್ಟಿ ತಂಡಗಳಿದ್ದವು. ಮಿತಿಯ ಸುಮಾರು ಮೂರು ಪಟ್ಟು ದುಡ್ಡು ಸುರಿದರೂ ಮೊದಲ ವರ್ಷ ಕಪ್ ಸಿಗಲಿಲ್ಲ. ಅದು ಮಸ್ಕೀಗನ್ ಫ್ಯೂರಿಗೆ ಹೋಯಿತು.

2005ರ ಜುಲೈ, ಎರಡು ಋತುಗಳ ನಡುವಿನ ಬೇಸಿಗೆ. ಎಫ್‌ಬಿಐನವರು ಗಲಾಂಟೆಯ ಕಚೇರಿಗಳ ಮೇಲೆ ದಾಳಿ ಮಾಡಿ ಕಡತಗಳನ್ನು ಹೊತ್ತೊಯ್ದರು. ತನಿಖೆ ಅದಕ್ಕೂ ಎಷ್ಟೋ ಮುಂಚೆ ಶುರುವಾಗಿತ್ತು. ವೇಷ ಮರೆಸಿದ ಏಜೆಂಟೊಬ್ಬ ಕಸದ ದಂಧೆಯವನಂತೆ ಒಳಗೆ ಸೇರಿಕೊಂಡಿದ್ದ, ಫೋನುಗಳ ಮೇಲೆ ಕದ್ದಾಲಿಕೆ ಇತ್ತು. ಆ ಕದ್ದಾಲಿಕೆಯಲ್ಲಿ ಕಸಕ್ಕೆ ಸಂಬಂಧವೇ ಇಲ್ಲದವರೂ ಸಿಕ್ಕಿಬಿದ್ದರು. ಕನೆಕ್ಟಿಕಟ್ ರಾಜ್ಯ ಸೆನೆಟಿನಲ್ಲಿ ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಲೂಯಿಸ್ ಡೆಲೂಕಾ, ಮೊಮ್ಮಗಳಿಗೆ ಗಂಡ ಹೊಡೆಯುತ್ತಾನೆಂದು ನಂಬಿ, ಅವನನ್ನು ಬೆದರಿಸಿ ಬರಲು ಯಾರನ್ನಾದರೂ ಕಳಿಸು ಎಂದು ಗಲಾಂಟೆಯನ್ನು ಕೇಳಿದ್ದರು. ಕಷ್ಟಕ್ಕೆ ನೆನಪಾದದ್ದು ಕಸದ ದೊರೆಯ ಬಾಗಿಲು, ಅದೂ ಶಾಸನ ಮಾಡುವವರಿಗೆ. 2007ರಲ್ಲಿ ತಪ್ಪೊಪ್ಪಿಕೊಂಡ ಡೆಲೂಕಾ ಅದೇ ವರ್ಷ ಸೆನೆಟಿಗೆ ರಾಜೀನಾಮೆ ಕೊಟ್ಟರು. ಆ ಪ್ರಾಂತದಲ್ಲಿ ಗಲಾಂಟೆಯ ತೂಕ ಎಷ್ಟಿತ್ತು ಎಂಬುದಕ್ಕೆ ಇಡೀ ಆರೋಪಪಟ್ಟಿಗಿಂತ ಈ ಒಂದು ಪ್ರಸಂಗ ಸಾಕು.

ದಾಳಿಯಾದ ಮೇಲೂ ತಂಡ ನಿಲ್ಲಲಿಲ್ಲ. 2005-06ರ ಎರಡನೆಯ ಋತು ನಡೆದದ್ದು ಹೀಗೆ, ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ. ಎ.ಜೆ. ಈಗ ಹದಿನೇಳರ ಹುಡುಗನಾಗಿರಲಿಲ್ಲ. ಹೊಡೆದಾಡುವವರಷ್ಟೇ ಸಾಲದು, ಗೋಲು ಹೊಡೆಯುವವರೂ ಬೇಕು ಎಂಬುದನ್ನು ಒಂದು ವರ್ಷದ ಸೋಲು ಕಲಿಸಿತ್ತು. ತಂಡ ಈ ಸಲ ಚೆನ್ನಾಗಿಯೇ ಆಡಿತು. 2006ರ ವಸಂತದಲ್ಲಿ ಲೀಗಿನ ಕಲೋನಿಯಲ್ ಕಪ್ ಫೈನಲಿಗೂ ಏರಿತು. ಅಲ್ಲಿ ಕಲಮಜೂ ವಿಂಗ್ಸ್ ಎದುರು ಸೋತಿತು. ಅದೇ ಟ್ರ್ಯಾಷರ್ಸ್ ಆಡಿದ ಕೊನೆಯ ಸರಣಿ.

ಕೆಲವೇ ವಾರಗಳಲ್ಲಿ ಆರೋಪಪಟ್ಟಿ ಬಂತು, ಗಲಾಂಟೆ ಬಂಧನಕ್ಕೊಳಗಾದ, ತಂಡ ಮುಚ್ಚಿತು. ಆಟಗಾರರು ಬೇರೆ ಬೇರೆ ಊರು ಸೇರಿದರು. ಇಯಾನಿಯೆಲ್ಲೊ ಆ ವರ್ಷದ ಕೊನೆಗೇ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಹೊರಗೆ ಬಂದು 2012ರಲ್ಲಿ ತೀರಿಕೊಂಡ. ಗಲಾಂಟೆ ಮಾತ್ರ ಎರಡು ವರ್ಷ ಜಗ್ಗಾಡಿದ. 2008ರ ಜೂನಿನಲ್ಲಿ ಸರ್ಕಾರದೊಂದಿಗೆ ರಾಜಿಗೆ ಬಂದು ಮೂರು ಆರೋಪಗಳನ್ನು ಒಪ್ಪಿಕೊಂಡ: ಕಸದ ಕೂಟದ ಸಂಚು, ತೆರಿಗೆ ಇಲಾಖೆಗೆ ವಂಚನೆಯ ಸಂಚು, ಮತ್ತು ಯುನೈಟೆಡ್ ಹಾಕಿ ಲೀಗಿಗೆ ಮೋಸ ಮಾಡುವ ಸಂಚು. ಲೀಗಿನ ನಿಯಮ ಮುರಿಯುವುದು ತಾನಾಗಿಯೇ ಅಪರಾಧವಲ್ಲ. ಆದರೆ ಸುಳ್ಳು ಲೆಕ್ಕವನ್ನು ಫೋನಿನ, ತಂತಿಯ ದಾರಿಯಲ್ಲಿ ರಾಜ್ಯದ ಗಡಿ ದಾಟಿಸಿ ಕಳಿಸಿದರೆ ಅದು ಅಲ್ಲಿನ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ಕೈಗೆ ಸಿಗುವ ವಂಚನೆ. ಟ್ರ್ಯಾಷರ್ಸ್‌ನ ಸಂಬಳದ ಪಟ್ಟಿ ಹೀಗೆ ಕೋರ್ಟಿನ ಸಾಕ್ಷ್ಯವಾಯಿತು.

ಸೆಪ್ಟೆಂಬರಿನಲ್ಲಿ ಶಿಕ್ಷೆ ಪ್ರಕಟವಾಯಿತು: 87 ತಿಂಗಳು, ಅಂದರೆ ಏಳು ವರ್ಷ ಮೂರು ತಿಂಗಳು ಜೈಲು. ಅದಕ್ಕಿಂತ ದೊಡ್ಡ ಪೆಟ್ಟು ಮುಟ್ಟುಗೋಲು. 25 ಕಂಪನಿಗಳಲ್ಲಿದ್ದ ತನ್ನ ಪಾಲನ್ನೆಲ್ಲ ಸರ್ಕಾರಕ್ಕೆ ಬಿಟ್ಟುಕೊಟ್ಟ. ಅವುಗಳ ಬೆಲೆ ಹತ್ತು ಕೋಟಿ ಡಾಲರ್ ಮೀರಿತ್ತು ಎಂಬ ಅಂದಾಜು. ಕಸದ ವ್ಯಾಪಾರಕ್ಕೆ ಇನ್ನೆಂದೂ ಕಾಲಿಡುವುದಿಲ್ಲವೆಂದೂ ಒಪ್ಪಿಕೊಂಡ. ಊರಿನ ಕಸ ಮಾತ್ರ ದಿನಾ ಏಳಲೇಬೇಕಲ್ಲ. ಕೈದಿಗಳನ್ನು ಸಾಗಿಸುವ, ತಲೆಮರೆಸಿಕೊಂಡವರನ್ನು ಹಿಡಿಯುವ ಯುಎಸ್ ಮಾರ್ಷಲ್ಸ್ ಇಲಾಖೆ ಕಸದ ಲಾರಿಗಳ ಯಜಮಾನನಾಗಿ ಕೆಲವು ವರ್ಷ ದಂಧೆ ನಡೆಸಿತು, ಆಮೇಲೆ ವಿಂಟರ್ಸ್ ಬ್ರದರ್ಸ್ ಎಂಬ ಕಂಪನಿಗೆ ಮಾರಿತು. ಯುಎಚ್‌ಎಲ್ ಕೂಡ ಹೆಚ್ಚು ದಿನ ಬಾಳಲಿಲ್ಲ. 2007ರಲ್ಲಿ ಹೆಸರು ಬದಲಿಸಿಕೊಂಡು 2010ರಲ್ಲಿ ಮುಚ್ಚಿತು.

ಶಿಕ್ಷೆ ಮುಗಿಸಿ ಗಲಾಂಟೆ ಹೊರಗೆ ಬಂದಾಗ ಮಗ ಡ್ಯಾನ್‌ಬರಿಯಲ್ಲೇ ಬಾಕ್ಸಿಂಗ್ ತಾಲೀಮುಖಾನೆ ನಡೆಸುತ್ತಿದ್ದ. ಇಬ್ಬರೂ ಮತ್ತೆ ಜಗತ್ತಿನ ಕಣ್ಣಿಗೆ ಬಿದ್ದದ್ದು 2021ರಲ್ಲಿ, ನೆಟ್‌ಫ್ಲಿಕ್ಸಿನ 'ಅನ್‌ಟೋಲ್ಡ್' ಸರಣಿಯ ಸಾಕ್ಷ್ಯಚಿತ್ರದಲ್ಲಿ. ಅದನ್ನು ತೆಗೆದವರು ಚ್ಯಾಪ್‌ಮನ್ ಮತ್ತು ಮೆಕ್ಲೇನ್ ವೇ ಸಹೋದರರು. ಆರೆಗಾನ್‌ನ ರಜನೀಶ್‌ಪುರದ ಮೇಲೆ 'ವೈಲ್ಡ್ ವೈಲ್ಡ್ ಕಂಟ್ರಿ' ತೆಗೆದ ಅದೇ ಇಬ್ಬರು. ಒಳ್ಳೆಯ ಚಿತ್ರ. ಅಪ್ಪ ಮಗನ ಅಕ್ಕರೆ ಕಣ್ಣು ತೇವ ಮಾಡುತ್ತದೆ, ಆಟಗಾರರು ನಗುನಗುತ್ತ ಹಳೆಯ ಹೊಡೆದಾಟಗಳನ್ನು ಮೆಲುಕು ಹಾಕುತ್ತಾರೆ. ಎರಡು ವರ್ಷ ಆ ಊರಿಗೆ ಸಿಕ್ಕ ಸಂತೋಷ ಸುಳ್ಳೆಂದು ನಾನೂ ಹೇಳುವುದಿಲ್ಲ.

ಆದರೆ ಆ ಚಿತ್ರ ಹೆಚ್ಚು ಹೊತ್ತು ನಿಲ್ಲದೆ ದಾಟಿ ಹೋಗುವ ಒಂದು ಲೆಕ್ಕವಿದೆ. ಲೀಗಿಗೆ ತೋರಿಸದ ಆ ನಾಲ್ಕೂ ಮುಕ್ಕಾಲು ಲಕ್ಷ ಡಾಲರ್ ಯಾರ ಜೇಬಿನದು? ಗಲಾಂಟೆಯ ಜೇಬಿನದು ಎನ್ನುವುದು ಅರ್ಧ ಸತ್ಯ. ಕೂಟದ ಹಿಡಿತದಲ್ಲಿದ್ದ ಊರುಗಳಲ್ಲಿ ಕಸ ಎತ್ತಲು ಬೇರೆ ಲಾರಿ ಕರೆಯುವ ಹಾಗಿಲ್ಲ. ಪಿಜ್ಜಾ ಅಂಗಡಿಯವನು, ಗ್ಯಾರೇಜಿನವನು, ಶಾಲೆಯ ಆಡಳಿತ ಎಲ್ಲರೂ ಹೇಳಿದಷ್ಟು ಕಟ್ಟಬೇಕು. ಆಟಗಾರನ ಹೆಂಡತಿಗೆ ಮಾಡದ ಕೆಲಸಕ್ಕೆ ಬರುತ್ತಿದ್ದ ಸಂಬಳ, ಕುದುರೆ ಮ್ಯಾಟಿಗೆ ಹೋಗುತ್ತಿದ್ದ ಮೂವತ್ತು ಸಾವಿರ, ಎರಡೂ ಹುಟ್ಟುತ್ತಿದ್ದುದು ತಿಂಗಳ ಕೊನೆಗೆ ಬರುವ ಆ ಬಿಲ್ಲಿನಲ್ಲೇ. 102ನೇ ವಿಭಾಗದಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ ಅಂಗಡಿಯವನು ಬಾಗಿಲಲ್ಲಿ ಟಿಕೆಟಿಗೆ ಕೊಟ್ಟದ್ದು ಎರಡನೆಯ ಕಂತು. ಮೊದಲ ಕಂತನ್ನು ಅವನು ಕಸದ ಡಬ್ಬಿಯ ಬಾಡಿಗೆಯಲ್ಲೇ ಕಟ್ಟಿ ಬಂದಿರುತ್ತಿದ್ದ. ಗಲಾಂಟೆಯನ್ನು ಬಡವರ ಬಂಧು ಮಾಡಿ ಹೇಳುವ ಕಥೆಗಳನ್ನು ಕೇಳುವಾಗ ನನಗೆ ಆ ಬಿಲ್ಲು ನೋಡಬೇಕೆನಿಸುತ್ತದೆ.

ಡ್ಯಾನ್‌ಬರಿಯಲ್ಲಿ ಹಾಕಿ ನಿಲ್ಲಲಿಲ್ಲ. 2008ರಲ್ಲಿ ಮ್ಯಾಡ್ ಹ್ಯಾಟರ್ಸ್ ಎಂಬ ತಂಡ ಬಂದು ಒಂದೇ ಋತುವಿಗೆ ಮುಗಿಯಿತು. 2010ರಿಂದ 15ರವರೆಗೆ ವೇಲರ್ಸ್, ಆಮೇಲೆ ಎರಡು ವರ್ಷ ಟೈಟನ್ಸ್, 2019ರಿಂದ ಹ್ಯಾಟ್ ಟ್ರಿಕ್ಸ್. ಕಸ ಹೋಗಿ ಮತ್ತೆ ಟೋಪಿ ಬಂದಿತ್ತು. ಇವೆಲ್ಲ ಟ್ರ್ಯಾಷರ್ಸ್‌ಗಿಂತಲೂ ಕೆಳಗಿನ ಮೆಟ್ಟಿಲಿನ ಲೀಗುಗಳ ತಂಡಗಳು. ವೇಲರ್ಸ್ 2013ರಲ್ಲಿ, ಹ್ಯಾಟ್ ಟ್ರಿಕ್ಸ್ 2023ರಲ್ಲಿ ತಮ್ಮ ತಮ್ಮ ಲೀಗಿನ ಕಪ್ ಗೆದ್ದವು.